ಪಕಾರದ ಪಯಣ

ತನ್ನ ಮುಖದ ಕಲೆಯನ್ನು ಮನುಷ್ಯನು ಕನ್ನಡಿಯಲ್ಲಿ ಕಾಣಬಲ್ಲನು. ತನ್ನ ನಾಲಗೆಯ ಕೊಂಕನ್ನು ಮಾತ್ರ ತಾನು ಕೇಳಲಾರನು. ಆದುದರಿಂದಲೇ ಪರರ ಉಚ್ಚಾರಣೆಯನ್ನು ಕುರಿತು ನಗುವುದು ಲೋಕದಲ್ಲಿ ಅತ್ಯಂತ ಸುಲಭವಾದ ವಿನೋದವಾಗಿದೆ. ಮೈಸೂರಿನಂತಹ ಊರಿನಲ್ಲಿ ಈ ವಿನೋದಕ್ಕೆ ಅವಕಾಶವು ಇನ್ನೂ ಹೆಚ್ಚು. ಈ ನಗರದ ಬೀದಿಗಳಲ್ಲಿ ಹಲವು ಮನೆಮಾತುಗಳು ಒಂದರ ಪಕ್ಕದಲ್ಲೊಂದು ಬಾಳುತ್ತಿವೆ. ಅಯ್ಯಂಗಾರರ ತಮಿಳು, ಸಂಕೇತಿಗಳ ಮಾತು, ಮುಲಕನಾಡಿನವರ ತೆಲುಗು, ಕೊಡಗಿನಿಂದ ಬಂದು ನೆಲಸಿದವರ ಕೊಡವ, ಕರಾವಳಿಯವರ ತುಳು, ಮಂಡಿ ಮೊಹಲ್ಲದ ಉರ್ದು, ಇವೆಲ್ಲವೂ ಕನ್ನಡದೊಡನೆ ನೆರೆಹೊರೆಯಾಗಿರುವುವು. ಮದರಾಸಿನ ಕಡೆಯಿಂದ ಬಂದ ಸೊಸೆಯು ಮಹಾಪ್ರಾಣವನ್ನು ಬಿಟ್ಟು ‘ಬಾರತ’ ಎಂದರೆ ನಾದಿನಿಯರು ಸೆರಗನ್ನು ಬಾಯಿಗೆ ಒತ್ತಿಕೊಳ್ಳುವರು. ಬೆಳಗಿನ ಜಾವ ಬಾಗಿಲಲ್ಲಿ ನಿಂತು ಹಾಲಿನವಳು ‘ಅವ್ವಾ, ಆಲು ತಂದಿವ್ನಿ’ ಎಂದು ಕೂಗಿದರೆ ಒಳಗಿನ ಮಕ್ಕಳು ಅದನ್ನು ಅಣಕಿಸುವರು. ಹಿರಿಯರು ಗದರುವುದಿಲ್ಲ. ಮಕ್ಕಳು ಶುದ್ಧಾಶುದ್ಧಗಳನ್ನು ಬಲ್ಲವರಾದರೆಂದು ಒಳಗೊಳಗೆ ಹಿಗ್ಗುವುದೂ ಉಂಟು.

ಆದರೆ ಈ ಮಕ್ಕಳು ಯಾವುದನ್ನು ಶುದ್ಧವೆಂದು ಭಾವಿಸಿರುವರೋ ಆ ‘ಹಾಲು’ ಎಂಬ ಶಬ್ದವೂ ಒಂದಾನೊಂದು ಕಾಲದಲ್ಲಿ ನಾಲಗೆಯು ಜಾರಿದುದರಿಂದಲೇ ಹುಟ್ಟಿತು. ಹಳಗನ್ನಡದಲ್ಲಿ ಅದು ‘ಪಾಲ್’. ಕ್ರಿ.ಶ. 941ರ ಸುಮಾರಿನಲ್ಲಿ ತನ್ನ ಭಾರತವನ್ನು ಬರೆದ ಪಂಪನ ಕನ್ನಡದಲ್ಲಿ ಹೂವು ‘ಪೂ’, ಹುಲಿಯು ‘ಪುಲಿ’, ಹೊಸತು ‘ಪೊಸತು’, ಹೋಗು ಎಂಬುದು ‘ಪೋಗು’. ಹತ್ತನೆಯ ಶತಮಾನದ ಶಾಸನಗಳಲ್ಲಿ ಅಲ್ಲೊಂದು ಇಲ್ಲೊಂದು ಎಡೆಯಲ್ಲಿ ಪಕಾರದ ಸ್ಥಾನಕ್ಕೆ ಹಕಾರವು ಇಣಿಕಿ ನೋಡುತ್ತದೆ. ಮುಂದಿನ ಶತಮಾನಗಳಲ್ಲಿ ಧೈರ್ಯವಾಗಿ ಒಳಗೆ ಬರುತ್ತದೆ. 15ನೆಯ ಶತಮಾನದ ಕುಮಾರವ್ಯಾಸನ ಹೊತ್ತಿಗೆ ಅದೇ ಮನೆಯ ಯಜಮಾನನಾಗಿ ಕುಳಿತಿದೆ. ಪಂಪನ ಕಾಲದ ಪಂಡಿತನೊಬ್ಬನ ಮುಂದೆ ಯಾರಾದರೂ ‘ಹಾಲ್’ ಎಂದಿದ್ದರೆ ಆತನೂ ಇಂದಿನ ಮಕ್ಕಳಂತೆಯೇ ನಗುತ್ತಿದ್ದನೆಂದು ಊಹಿಸುವುದು ಕಷ್ಟವಲ್ಲ.

ಈ ಮಾರ್ಪಾಟು ಕಾವ್ಯಗಳಲ್ಲಿ ಮಾತ್ರವಲ್ಲ, ನಾಡಿನ ಹೆಸರುಗಳಲ್ಲಿಯೂ ಅಚ್ಚೊತ್ತಿದೆ. ಪಂಪೆಯು ಹಂಪೆಯಾಯಿತು. ಪುಲಿಗೆರೆಯು ಹುಲಿಗೆರೆಯಾಯಿತು. ಸೋಮನಾಥಪುರ, ಬೇಲೂರು, ಹಳೆಬೀಡುಗಳ ದೇವಾಲಯಗಳಿಂದ ಲೋಕವಿಖ್ಯಾತರಾದ ಅರಸರ ಹೆಸರು ಶಾಸನಗಳಲ್ಲಿ ‘ಪೊಯ್ಸಳ’ ಎಂದೂ ‘ಹೊಯ್ಸಳ’ ಎಂದೂ ಎರಡು ವಿಧವಾಗಿ ಕಾಣುತ್ತದೆ. ಹುಲಿಯ ಮೇಲೆ ಏರಿಹೋಗುವಂತೆ ಗುರುವು ಸಳನಿಗೆ ಆಜ್ಞಾಪಿಸಿದ ಐತಿಹ್ಯವನ್ನು ಎಲ್ಲರೂ ಬಲ್ಲರು. ಆ ಐತಿಹ್ಯವು ನಿಜವಾಗಿದ್ದ ಪಕ್ಷದಲ್ಲಿ ಗುರುವಿನ ಬಾಯಿಂದ ಹೊರಟ ಮಾತು ‘ಹೊಯ್’ ಎಂದಾಗಿರದೆ ‘ಪೊಯ್’ ಎಂದೇ ಆಗಿದ್ದಿರಬೇಕು. ಎದುರು ನಿಂತುದು ಹುಲಿಯಲ್ಲ, ಪುಲಿ!

ಸಂಸ್ಕೃತದಿಂದ ಬಂದ ಶಬ್ದಗಳನ್ನೂ ಈ ಗಾಳಿಯು ಬಿಡಲಿಲ್ಲ. ಪಕ್ಷಿಯು ‘ಪಕ್ಕಿ’ಯಾಗಿ ಆಮೇಲೆ ಹಕ್ಕಿಯಾಯಿತು, ಪರ್ವವು ‘ಪಬ್ಬ’ವಾಗಿ ಹಬ್ಬವಾಯಿತು, ಪುಸ್ತಕವು ‘ಪೊತ್ತಗೆ’ಯಾಗಿ ಹೊತ್ತಗೆಯಾಯಿತು. ಆದರೆ ಪೂಜೆ, ಪುಣ್ಯ, ಪಂಡಿತ ಮೊದಲಾದ ತತ್ಸಮಗಳು ತಮ್ಮ ಪಕಾರವನ್ನು ಬಿಟ್ಟುಕೊಡಲಿಲ್ಲ. ಹೀಗಾಗಿ ‘ಹಬ್ಬದ ಪೂಜೆ’ ಎಂಬ ಎರಡು ಮಾತುಗಳಲ್ಲಿ ಎರಡು ಬಗೆಯ ನಂಟರು ಒಂದೇ ಪಂಕ್ತಿಯಲ್ಲಿ ಕುಳಿತಿರುವರು. ಒಬ್ಬನು ಬಹುಕಾಲದ ಹಿಂದೆ ಬಂದು ಮನೆಯವನೇ ಆದವನು; ಇನ್ನೊಬ್ಬನು ತನ್ನ ಊರಿನ ಉಡುಪನ್ನು ಕಳಚದವನು.

ಪಕಾರವು ಹಕಾರವಾಗುವುದು ಹೇಗೆ? ಶಿಕ್ಷಾಶಾಸ್ತ್ರವನ್ನು ಓದಿದವರಿಗೆ ಇದು ತೊಡಕಿನ ವಿಷಯವಲ್ಲ. ಪಕಾರವು ಓಷ್ಠ್ಯ, ಎರಡು ತುಟಿಗಳು ಪೂರ್ಣವಾಗಿ ಮುಚ್ಚಿ ತೆರೆದಾಗ ಅದು ಹುಟ್ಟುತ್ತದೆ. ತುಟಿಗಳು ಸೋಮಾರಿಗಳಾಗಿ ಪೂರ್ಣವಾಗಿ ಮುಚ್ಚದೆ ಸಮೀಪಕ್ಕೆ ಮಾತ್ರ ಬಂದರೆ, ದೀಪವನ್ನು ಊದಿದಂತಹ ಒಂದು ಧ್ವನಿ ಹೊರಡುವುದು. ಸಂಸ್ಕೃತದಲ್ಲಿ ಪಕಾರ ಫಕಾರಗಳ ಹಿಂದಿನ ವಿಸರ್ಗಕ್ಕೆ ಇಂತಹ ಉಚ್ಚಾರಣೆಯನ್ನು ಹೇಳಿ, ಅದಕ್ಕೆ ‘ಉಪಧ್ಮಾನೀಯ’ವೆಂದು ಹೆಸರಿಟ್ಟಿದ್ದಾರೆ. ಆ ತುಟಿಗಳು ಇನ್ನೂ ಸಡಿಲವಾದರೆ ಉಳಿಯುವುದು ಕಂಠದ ಉಸಿರು ಮಾತ್ರ, ಅದೇ ಹಕಾರ. ಕನ್ನಡದ ಪಕಾರವು ಈ ಮೆಟ್ಟಲುಗಳನ್ನು ಇಳಿದೇ ಹಕಾರವಾಗಿರಬೇಕೆಂದು ಭಾಷಾಶಾಸ್ತ್ರಜ್ಞರು ಊಹಿಸುವರು.

ಈ ಇಳಿತವು ಮನಬಂದಂತೆ ನಡೆಯಲಿಲ್ಲವೆಂಬುದೇ ಆಶ್ಚರ್ಯದ ಸಂಗತಿ. ಅದನ್ನು ಪರೀಕ್ಷಿಸಲು ಗ್ರಂಥಗಳನ್ನು ಹುಡುಕಬೇಕಾಗಿಲ್ಲ. ಮಗ್ಗಿಯನ್ನು ಹೇಳಿದರೆ ಸಾಕು. ಹತ್ತು ಎಂಬುದು ಹಿಂದೆ ‘ಪತ್ತು’. ಪದದ ಆದಿಯಲ್ಲಿರುವುದರಿಂದ ಅದರ ಪಕಾರವು ಹಕಾರವಾಯಿತು. ಇಪ್ಪತ್ತು, ಎಪ್ಪತ್ತುಗಳಲ್ಲಿ ಅದೇ ಪಕಾರವು ಒತ್ತಾಗಿ ನಿಂತುದರಿಂದ ಕೆಡದೆ ಉಳಿಯಿತು. ಮೂವತ್ತು, ನಲವತ್ತು, ಐವತ್ತು, ಅರವತ್ತುಗಳಲ್ಲಿ ಅದು ವಕಾರವಾಯಿತು. ಎಂಬತ್ತು, ತೊಂಬತ್ತುಗಳಲ್ಲಿ ಅನುನಾಸಿಕದ ಸಂಗದಿಂದ ಬಕಾರವಾಯಿತು. ಹತ್ತರಿಂದ ತೊಂಬತ್ತರವರೆಗೆ ಎಣಿಸುವ ಬಾಲಕನು ಒಂದೇ ಶಬ್ದವನ್ನು ನಾಲ್ಕು ವೇಷಗಳಲ್ಲಿ ಕರೆಯುತ್ತಿರುವನು. ಆ ಗುಟ್ಟು ಅವನಿಗೂ ತಿಳಿಯದು, ಕಲಿಸುವವರಲ್ಲಿ ಅನೇಕರಿಗೂ ತಿಳಿಯದು.

ಇನ್ನು ಸೋದರ ಭಾಷೆಗಳ ಕಡೆಗೆ ತಿರುಗೋಣ. ತಮಿಳು ಮಲೆಯಾಳಗಳಲ್ಲಿ ಇಂದಿಗೂ ‘ಪಾಲ್’, ತೆಲುಗಿನಲ್ಲಿ ‘ಪಾಲು’, ತುಳುವಿನಲ್ಲಿ ಹಾಲಿಗೆ ‘ಪೇರ್’, ಹುಲಿಗೆ ‘ಪಿಲಿ’. ಕೊಡವರೂ ಪಕಾರವನ್ನೇ ಕಾಪಾಡಿರುವರು. ಮೈಸೂರು ಸೀಮೆಯಿಂದ ನೀಲಗಿರಿಗೆ ವಲಸೆಹೋದವರೆಂದು ಹೇಳಲಾಗುವ ಬಡಗರು ಮಾತ್ರ ಕನ್ನಡಿಗರಂತೆಯೇ ಹಕಾರವನ್ನು ನುಡಿಯುವರು. ಅಂದರೆ ಪಕಾರದ ವಿಷಯದಲ್ಲಿ ಮನೆಯ ಹಳೆಯ ಆಸ್ತಿಯನ್ನು ಕಳೆದವರು ಕನ್ನಡಿಗರು, ಉಳಿಸಿಕೊಂಡವರು ನೆರೆಯವರು.

ಹಾಗೆಂದು ಕನ್ನಡವು ಎಲ್ಲವನ್ನೂ ಕಳೆಯಿತೆಂದು ತಿಳಿಯಬಾರದು. ‘ಕಿವಿ’ ಎಂಬ ಶಬ್ದವನ್ನು ನೋಡಬಹುದು. ತುಳುವಿನಲ್ಲಿ ‘ಕೆಬಿ’, ಕೊಡವದಲ್ಲಿ ‘ಕೆವಿ’. ತಮಿಳು, ಮಲೆಯಾಳ, ತೆಲುಗುಗಳಲ್ಲಿಯೋ ‘ಚೆವಿ’. ಕುಕ್ಕರಹಳ್ಳಿಯದು ಕೆರೆ, ತೆಲುಗು ದೇಶದಲ್ಲಿ ಅದು ‘ಚೆರುವು’. ಕನ್ನಡದ ಕೆಂದಾವರೆಯು ತಮಿಳರ ಕೊಳದಲ್ಲಿ ‘ಚೆಂದಾಮರೈ’. ಇಲ್ಲಿ ಪ್ರಾಚೀನವಾದ ಕಕಾರವನ್ನು ಕಾಪಾಡಿದವರು ಕನ್ನಡಿಗರು, ಸಡಿಲಿಸಿದವರು ನೆರೆಯವರು. ಇದಕ್ಕೂ ಶಿಕ್ಷೆಯೇ ಕಾರಣವನ್ನು ಹೇಳುತ್ತದೆ. ಇಕಾರ ಎಕಾರಗಳನ್ನು ನುಡಿಯುವಾಗ ನಾಲಗೆಯು ತಾಲುವಿನ ಕಡೆಗೆ ಏಳುವುದು. ಚವರ್ಗದ ಸ್ಥಾನವೂ ತಾಲುವೇ. ಮುಂದೆ ಬರುವ ಸ್ವರದ ಆಕರ್ಷಣೆಯಿಂದ ಕಂಠ್ಯವಾದ ಕಕಾರವು ಮುಂದಕ್ಕೆ ಸರಿದು ತಾಲವ್ಯವಾಯಿತು. ಪುದುಚ್ಚೇರಿ ಎಂಬ ಊರಿನ ಹೆಸರನ್ನು ಈ ದೃಷ್ಟಿಯಿಂದ ಬಿಡಿಸಿದರೆ ಸೊಗಸಾದ ಪಾಠವೊಂದು ದೊರೆಯುವುದು. ‘ಪುದು’ ಎಂಬುದು ಕನ್ನಡದ ‘ಪೊಸ’, ಈಗಿನ ‘ಹೊಸ’. ‘ಚೇರಿ’ ಎಂಬುದು ‘ಕೇರಿ’. ಪುದುಚ್ಚೇರಿಯೆಂದರೆ ಹೊಸಕೇರಿ. ವ್ಯಂಜನಗಳ ಮುಸುಕನ್ನು ತೆಗೆದರೆ ಪರದೇಶವೆಂದು ತೋರುತ್ತಿದ್ದುದು ಪಕ್ಕದ ಬೀದಿಯಾಗುವುದು.

ವಕಾರ ಬಕಾರಗಳದೂ ಇದೇ ಕಥೆ. ತಮಿಳರ ‘ವಾ’ ಕನ್ನಡಿಗರ ‘ಬಾ’. ‘ವಾಯ್’ ಎಂಬುದು ಬಾಯಿ. ‘ವೇರ್’ ಎಂಬುದು ಬೇರು. ‘ವೆಳ್ಳಿ’ ಎಂಬುದು ಬೆಳ್ಳಿ. ಇವುಗಳಲ್ಲಿ ಒಂದನ್ನು ಕಲಿತವನಿಗೆ ಹತ್ತು ತಾನಾಗಿ ಬರುವುವು. 1816ರಲ್ಲಿ ಎಲ್ಲಿಸ್ ಎಂಬ ಮದರಾಸಿನ ಅಧಿಕಾರಿಯು ದಕ್ಷಿಣದ ಭಾಷೆಗಳಿಗೆ ಒಂದೇ ಮೂಲವುಂಟೆಂದು ತೋರಿಸಿದುದೂ, 1856ರಲ್ಲಿ ಕಾಲ್ಡ್‌ವೆಲ್ಲರು ಅವುಗಳ ತುಲನಾತ್ಮಕ ವ್ಯಾಕರಣವನ್ನು ಪ್ರಕಟಿಸಿದುದೂ, 1961ರಲ್ಲಿ ಬರೋ ಮತ್ತು ಎಮಿನೋ ಎಂಬ ವಿದ್ವಾಂಸರು ದ್ರಾವಿಡ ಶಬ್ದಗಳ ನಿಷ್ಪತ್ತಿಕೋಶವನ್ನು ಹೊರತಂದುದೂ ಇಂತಹ ಸಂವಾದಗಳ ಬಲದಿಂದಲೇ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ಲರ ಕೋಶವನ್ನು ಮನೆಯಲ್ಲಿಟ್ಟಿರುವವರು ಯಾವ ಪುಟವನ್ನು ತೆರೆದರೂ ಸೋದರ ಭಾಷೆಗಳ ರೂಪಗಳನ್ನು ಕನ್ನಡದ ಪಕ್ಕದಲ್ಲಿ ಕಾಣಬಹುದು.

ಕಳೆದುಹೋದ ವ್ಯಂಜನಗಳ ವಿಷಯವನ್ನೂ ಇಲ್ಲಿ ಹೇಳಬೇಕು. ಹಳಗನ್ನಡದಲ್ಲಿ ‘ೞ’ ಎಂಬ ಒಂದು ಅಕ್ಷರವಿತ್ತು. ತಮಿಳು ಎಂಬ ಹೆಸರನ್ನು ತಮಿಳರೇ ನುಡಿಯುವಾಗ ಕೊನೆಯಲ್ಲಿ ಕೇಳಿಬರುವ ಧ್ವನಿಯೇ ಅದು. 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನು ಇದನ್ನು ‘ರಳ’ವೆಂದು ಕರೆದು, ಇದು ಬರುವ ಶಬ್ದಗಳನ್ನು ಪಟ್ಟಿಮಾಡಿ ಕೊಟ್ಟಿದ್ದಾನೆ. ಎಲ್ಲರಿಗೂ ತಿಳಿದಿರುವುದನ್ನು ಯಾರೂ ಪಟ್ಟಿಮಾಡುವುದಿಲ್ಲ. ಜನರ ನಾಲಗೆಯಿಂದ ಅದು ಆಗಲೇ ಜಾರುತ್ತಿದ್ದುದರಿಂದ ವೈಯಾಕರಣನು ಅದನ್ನು ಹಿಡಿದು ನಿಲ್ಲಿಸಲು ಯತ್ನಿಸಿದನೆಂದು ತೋರುತ್ತದೆ. ಆದರೂ ಅದು ನಿಲ್ಲಲಿಲ್ಲ. ಒಂದೇ ‘ಕೋೞಿ’ಯು ಕನ್ನಡದಲ್ಲಿ ಕೋಳಿಯಾಯಿತು, ತೆಲುಗಿನಲ್ಲಿ ‘ಕೋಡಿ’ಯಾಯಿತು, ತುಳುವಿನಲ್ಲಿ ‘ಕೋರಿ’ಯಾಯಿತು. ತಮಿಳು ಮಲೆಯಾಳಗಳ ಬರವಣಿಗೆಯಲ್ಲಿ ಮಾತ್ರ ಅದು ತನ್ನ ಹಳೆಯ ವ್ಯಂಜನದೊಡನೆ ಇಂದಿಗೂ ಕೂಗುತ್ತಿದೆ.

ಸತ್ತ ಅಕ್ಷರವೂ ತನ್ನ ನೆರಳನ್ನು ಬಿಟ್ಟುಹೋಗುವುದೆಂಬುದಕ್ಕೆ ಒಂದು ನಿದರ್ಶನವುಂಟು. ಕೇಳು ಎಂಬುದಕ್ಕೆ ಭೂತಕಾಲದಲ್ಲಿ ‘ಕೇಳಿದ’, ಆಳು ಎಂಬುದಕ್ಕೆ ‘ಆಳಿದ’. ಹಾಗಾದರೆ ಏಳು ಎಂಬುದಕ್ಕೆ ‘ಏಳಿದ’ ಎನ್ನದೆ ‘ಎದ್ದ’ ಎನ್ನುವುದೇಕೆ? ಬೀಳು ಎಂಬುದು ‘ಬಿದ್ದ’, ಅಳು ಎಂಬುದು ‘ಅತ್ತ’, ಉಳು ಎಂಬುದು ‘ಉತ್ತ’, ಕೀಳು ಎಂಬುದು ‘ಕಿತ್ತ’ ಆಗುವುದೇಕೆ? ಚುರುಕಾದ ಮಕ್ಕಳು ಈ ಪ್ರಶ್ನೆಯನ್ನು ಕೇಳುವರು. ‘ಅದು ಹಾಗೆಯೇ, ಬಾಯಿಪಾಠ ಮಾಡು’ ಎಂಬ ಉತ್ತರವನ್ನು ಪಡೆಯುವರು. ಉತ್ತರವು ಸತ್ತ ಅಕ್ಷರದಲ್ಲಿದೆ. ಕೇಳು, ಆಳುಗಳಲ್ಲಿರುವುದು ಮೊದಲಿನಿಂದಲೂ ಳಕಾರ. ಏಳು, ಬೀಳು, ಅಳು, ಉಳು, ಕೀಳುಗಳಲ್ಲಿದ್ದುದು ೞಕಾರ. ‘ಎೞ್ದು’ ಎಂಬುದು ‘ಎರ್ದು’ ಆಗಿ ‘ಎದ್ದು’ ಆಯಿತು. ಕಣ್ಣಿಗೆ ಈಗ ಒಂದೇ ಆಗಿ ಕಾಣುವ ಎರಡು ಅಕ್ಷರಗಳನ್ನು ಕ್ರಿಯಾಪದವು ಇಷ್ಟು ಶತಮಾನಗಳ ಮೇಲೆಯೂ ಮರೆತಿಲ್ಲ.

ಇಂತಹ ನಿಯಮಬದ್ಧವಾದ ವ್ಯತ್ಯಾಸಗಳು ದಕ್ಷಿಣ ದೇಶಕ್ಕೆ ಮಾತ್ರ ಸೇರಿದುವೆ ಎಂದು ವಾಚಕರು ಕೇಳಬಹುದು. ಅಲ್ಲ. ಯೂರೋಪಿನ ಪೂರ್ವಭಾಗದಲ್ಲಿರುವ ರಷ್ಯನ್, ಪೋಲಿಷ್, ಚೆಕ್, ಉಕ್ರೇನಿಯನ್, ಬಲ್ಗೇರಿಯನ್ ಮೊದಲಾದ ಸ್ಲಾವ್ ಭಾಷೆಗಳು ತಮ್ಮೊಳಗೆ ಸೋದರಿಯರು. ಸಂಸ್ಕೃತಕ್ಕೂ ದೂರದ ನಂಟರು. ಸಂಸ್ಕೃತದ ‘ಅಗ್ನಿ’ಗೆ ಸಂವಾದಿಯಾದ ಶಬ್ದವು ರಷ್ಯನರಲ್ಲಿ ‘ಅಗೋನ್’, ಪೋಲಿಷರಲ್ಲಿ ‘ಒಗ್ಯೆನ್’. ಚೆಕ್ಕರು ಅದೇ ಬೆಂಕಿಯನ್ನು ‘ಒಹೆನ್’ ಎನ್ನುವರು, ಉಕ್ರೇನಿಯನರು ‘ವೊಹೋನ್’ ಎನ್ನುವರು. ಕನ್ನಡದಲ್ಲಿ ಪಕಾರಕ್ಕೆ ಒದಗಿದ ಗತಿಯೇ ಅಲ್ಲಿ ಗಕಾರಕ್ಕೆ ಒದಗಿದೆ. ರಷ್ಯದ ಒಳಗೂ ದಕ್ಷಿಣ ಭಾಗದ ಹಳ್ಳಿಗರು ಗಕಾರವನ್ನು ಹಕಾರದ ಸಮೀಪಕ್ಕೆ ಸಡಿಲಿಸಿ ನುಡಿಯುವರು. ಮಾಸ್ಕೋ ನಗರದ ಶಿಷ್ಟೋಚ್ಚಾರಣೆಯು ಅದನ್ನು ಒಪ್ಪುವುದಿಲ್ಲ. ಕಕಾರವು ಚಕಾರವಾಗುವುದೂ ಅಲ್ಲುಂಟು: ಕೈಗೆ ‘ರುಕಾ’ ಎನ್ನುವ ರಷ್ಯನರು ಪುಟ್ಟ ಕೈಗೆ ‘ರುಚ್ಕಾ’ ಎನ್ನುವರು. ಸಂಸ್ಕೃತದಲ್ಲಿ ಕೃ ಧಾತುವಿಗೆ ‘ಚಕಾರ’ ಎಂಬ ರೂಪವನ್ನು ಕಲಿತವರಿಗೆ ಇದು ಹೊಸತಲ್ಲ. ಸಂಸ್ಕೃತದ ‘ಹಿಮ’ಕ್ಕೆ ಸಂವಾದಿಯಾಗಿ ರಷ್ಯನರು ಚಳಿಗಾಲವನ್ನು ‘ಜ಼ಿಮಾ’ ಎನ್ನುವರು. ‘ಅಹಂ’ ಎಂಬುದಕ್ಕೆ ಬಲ್ಗೇರಿಯನರು ‘ಅಜ಼್’ ಎನ್ನುವರು. ಇನ್ನು ಚೆಕ್ಕರಲ್ಲಿ ರೇಫದ ಜಾತಿಯ ವಿಚಿತ್ರವಾದ ಧ್ವನಿಯೊಂದುಂಟು. ಅವರ ಮಕ್ಕಳು ಎಲ್ಲ ಧ್ವನಿಗಳನ್ನೂ ಕಲಿತ ಮೇಲೆ ಕೊನೆಯಲ್ಲಿ ಅದನ್ನು ಕಲಿಯುವರು. ಪರಕೀಯರಿಗೋ ಅದು ಬಾರದು. ಕೇಶಿರಾಜನು ಅದನ್ನು ಕೇಳಿದ್ದರೆ ತನ್ನ ರಳವನ್ನು ನೆನೆದು ನಿಟ್ಟುಸಿರಿಡುತ್ತಿದ್ದನೇನೊ.

ಈಗ ಹಾಲಿನವಳ ‘ಆಲು’ವಿನ ವಿಚಾರಕ್ಕೆ ಬರಬಹುದು. ತಂದೆಗೆ ಸಂಸ್ಕೃತದಲ್ಲಿ ‘ಪಿತೃ’, ಲ್ಯಾಟಿನ್ನಿನಲ್ಲಿ ‘ಪಾತೆರ್’. ಅದೇ ಶಬ್ದವು ಅರ್ಮೇನಿಯದಲ್ಲಿ ‘ಹಾಯ್ರ್’ ಆಯಿತು. ಪ್ರಾಚೀನ ಐರಿಷಿನಲ್ಲಿ ಉಸಿರೂ ಉಳಿಯದೆ ‘ಅಥಿರ್’ ಆಯಿತು. ಪಕಾರ, ಹಕಾರ, ಶೂನ್ಯ. ಮೈಸೂರು, ಮಂಡ್ಯ, ಚಾಮರಾಜನಗರ ಜಿಲ್ಲೆಗಳ ಹಳ್ಳಿಗಳಲ್ಲಿಯೂ ‘ಪಾಲ್’, ‘ಹಾಲು’, ‘ಆಲು’ ಎಂದು ಇದೇ ಮೂರು ಮೆಟ್ಟಲುಗಳು. ‘ಹಾಲು’ ಎನ್ನುವವನು ನಡುವಿನ ಮೆಟ್ಟಲಲ್ಲಿ ನಿಂತು ಕೆಳಗಿನ ಮೆಟ್ಟಲಲ್ಲಿರುವವಳನ್ನು ನೋಡಿ ನಗುತ್ತಿರುವನು. ಮೇಲಿನ ಮೆಟ್ಟಲಿನಿಂದ ತಾನೂ ಇಳಿದು ಬಂದವನೆಂಬುದನ್ನು ಮರೆತಿರುವನು.

ಈ ನಗೆಯು ಮನೆಯ ಬಾಗಿಲಲ್ಲಿಯೇ ನಿಂತಿದ್ದರೆ ಅಷ್ಟು ಚಿಂತೆಯಿರಲಿಲ್ಲ. ಅದು ಪಾಠಶಾಲೆಗೂ ಹೋಗುತ್ತದೆ. ನಂಜನಗೂಡಿನ ಕಡೆಯ ಹಳ್ಳಿಯಿಂದ ಮೈಸೂರಿನ ಶಾಲೆಗೆ ಸೇರಿದ ಬಾಲಕನ ಸ್ಥಿತಿಯನ್ನು ಯೋಚಿಸಬಹುದು. ಮೊದಲ ದಿನ ಎದ್ದುನಿಂತು ‘ನಮ್ಮೂರು ಸಣ್ಣ ಅಳ್ಳಿ’ ಎನ್ನುವನು. ತರಗತಿಯೆಲ್ಲವೂ ಗೊಳ್ಳೆಂದು ನಗುವುದು. ಉಪಾಧ್ಯಾಯರ ತುಟಿಯ ಮೇಲೂ ಒಂದು ಕಿರುನಗೆ ಸುಳಿಯುವುದು. ಬಾಲಕನು ಹಕಾರವನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ, ಹಾಕದಿದ್ದರೆ ನಗುವರೆಂದು ಮಾತ್ರ ತಿಳಿದು, ಮರುದಿನ ಆನೆಯನ್ನು ‘ಹಾನೆ’ ಎನ್ನುವನು. ನಗೆಯು ಇಮ್ಮಡಿಯಾಗುವುದು. ಮೂರನೆಯ ದಿನದಿಂದ ಅವನು ಎದ್ದುನಿಲ್ಲುವುದಿಲ್ಲ. ಉತ್ತರವು ತಿಳಿದಿದ್ದರೂ ತಲೆ ತಗ್ಗಿಸಿ ಕುಳಿತಿರುವನು. ತಾಯಿಯು ಶಾಲೆಯ ಬಳಿಗೆ ಬಂದರೆ ಆಕೆ ಎಲ್ಲಿ ಬಾಯಿ ತೆರೆಯುವಳೋ ಎಂದು ಬೇಗನೆ ಕರೆದುಕೊಂಡು ಹೋಗುವನು. ಒಂದು ವ್ಯಂಜನಕ್ಕಾಗಿ ಮಗನು ತಾಯಿಯನ್ನು ಕುರಿತು ನಾಚಿಕೊಳ್ಳುವಂತಾದರೆ ಆ ವಿದ್ಯೆಯಿಂದ ಲಾಭವೆಷ್ಟು, ನಷ್ಟವೆಷ್ಟು?

ಇದಕ್ಕೆ ಪಂಡಿತರ ಆಕ್ಷೇಪವೊಂದುಂಟು. ಹಾಗಾದರೆ ಶುದ್ಧೋಚ್ಚಾರಣೆಯೇ ಬೇಡವೆ? ಅಕ್ಕಿಗೂ ಹಕ್ಕಿಗೂ, ಆಡಿಗೂ ಹಾಡಿಗೂ ಭೇದವಿಲ್ಲದಂತಾಗಲಿ ಎನ್ನುವಿರಾ? 1876ರಲ್ಲಿ ಸ್ಥಾಪಿತವಾದ ಮಹಾರಾಜರ ಸಂಸ್ಕೃತ ಪಾಠಶಾಲೆಯಿರುವ ಈ ಊರಿನಲ್ಲಿ ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಅಕ್ಷರವು ಕದಲದಂತೆ ಸಾಗಿಬಂದಿರುವ ಸಂಪ್ರದಾಯವು ವ್ಯರ್ಥವೆ? ಆಕ್ಷೇಪವು ಗಂಭೀರವಾದುದು. ಇದಕ್ಕೆ ಸಮಾಧಾನವನ್ನು ಹೇಳಿದವರು ಆಧುನಿಕರಲ್ಲ, ಭಗವಾನ್ ಪತಂಜಲಿಗಳೇ. ಮಹಾಭಾಷ್ಯದ ಪಸ್ಪಶಾಹ್ನಿಕದಲ್ಲಿ ಎರಡು ಕಥೆಗಳುಂಟು. ಒಂದು ಎಲ್ಲರೂ ಬಲ್ಲ ಕಥೆ: ಅಸುರರು ಶತ್ರುಗಳನ್ನು ಕೂಗುವಾಗ ರೇಫದ ಸ್ಥಾನದಲ್ಲಿ ಲಕಾರವನ್ನು ನುಡಿದು ಪರಾಭವ ಹೊಂದಿದರು. ಶಿಷ್ಯರನ್ನು ಹೆದರಿಸಲು ಉಪಾಧ್ಯಾಯರು ಇದನ್ನು ಹೇಳುವುದುಂಟು. ಎರಡನೆಯ ಕಥೆಯನ್ನು ಹೇಳುವವರು ಕಡಮೆ. ಯರ್ವಾಣ ತರ್ವಾಣರೆಂಬ ಋಷಿಗಳಿದ್ದರು. ಅವರು ಧರ್ಮವನ್ನು ಪ್ರತ್ಯಕ್ಷವಾಗಿ ಕಂಡವರು, ಪರಾಪರಜ್ಞರು. ಆದರೆ ಮನೆಮಾತಿನಲ್ಲಿ ದಕಾರವನ್ನು ರೇಫವಾಗಿಯೂ ನಕಾರವನ್ನು ಣಕಾರವಾಗಿಯೂ ನುಡಿಯುತ್ತಿದ್ದರು. ಅವರ ಹೆಸರೇ ಆ ತಪ್ಪು ಉಚ್ಚಾರಣೆಯಿಂದ ಬಂದುದು. ಯಜ್ಞಕರ್ಮದಲ್ಲಿ ಮಾತ್ರ ಅವರು ಅಪಶಬ್ದವನ್ನು ಆಡುತ್ತಿರಲಿಲ್ಲ. ಅಸುರರಾದರೋ ಯಜ್ಞಕರ್ಮದಲ್ಲಿಯೇ ಅಪಭಾಷಣ ಮಾಡಿ ಕೆಟ್ಟರು.

ಈ ಎರಡು ಕಥೆಗಳನ್ನು ಜೊತೆಯಲ್ಲಿ ಓದಿದರೆ ಮಾರ್ಗವು ಸ್ಪಷ್ಟವಾಗುವುದು. ಎಡೆಯನ್ನು ಅರಿತು ನುಡಿಯುವುದನ್ನು ಕಲಿಸಬೇಕು. ಮನೆಯ ಮಾತನ್ನು ಹಳಿಯಬಾರದು. ಸಭೆಯಲ್ಲಿ, ಪಾಠದಲ್ಲಿ, ಬರವಣಿಗೆಯಲ್ಲಿ ಹಕಾರವು ಹಕಾರವಾಗಿಯೇ ಇರಲಿ. ಬಾಲಕನು ಅದನ್ನು ಕಲಿಯಲೇಬೇಕು. ಕಲಿಸದೆ ಬಿಡುವುದು ದಯೆಯಲ್ಲ, ಅವನಿಗೆ ಮಾಡುವ ಅನ್ಯಾಯ. ಆದರೆ ಕಲಿಸುವ ಉಪಾಯವು ನಗೆಯಾಗಬಾರದು. ವ್ಯಂಜನಗಳನ್ನು ನುಡಿಯುವ ಬಗೆಗೆ ಪಾಣಿನೀಯ ಶಿಕ್ಷೆಯು ಹೆಣ್ಣುಹುಲಿಯ ಉಪಮೆಯನ್ನು ಕೊಡುತ್ತದೆ. ಅದು ತನ್ನ ಮರಿಗಳನ್ನು ಹಲ್ಲುಗಳಲ್ಲಿ ಹಿಡಿದು ಒಯ್ಯುವಾಗ ಮರಿಯು ಬೀಳುವುದೂ ಇಲ್ಲ, ಹಲ್ಲು ನಾಟುವುದೂ ಇಲ್ಲ. ಅಕ್ಷರಗಳಿಗೆ ಹೇಳಿದ ಈ ಮಾತು ಅಕ್ಷರ ಕಲಿಯುವ ಮಕ್ಕಳಿಗೂ ಸಲ್ಲತಕ್ಕುದು.

ಆದುದರಿಂದ ಬಾಲಕನು ‘ಆಲು’ ಎಂದಾಗ ಉಪಾಧ್ಯಾಯರು ಕಪ್ಪು ಹಲಗೆಯ ಮೇಲೆ ಪಾಲ್, ಹಾಲು, ಆಲು ಎಂಬ ಮೂರು ಶಬ್ದಗಳನ್ನು ಒಂದರ ಕೆಳಗೊಂದು ಬರೆಯಲಿ. ಮೊದಲನೆಯದರ ಎದುರಿಗೆ ಪಂಪನ ಹೆಸರನ್ನು ಹಾಕಿ, ತರಗತಿಯಲ್ಲಿ ತಮಿಳು, ತೆಲುಗು, ಕೊಡವ ಮನೆಮಾತಿನ ಮಕ್ಕಳಿದ್ದರೆ ಅವರವರ ಶಬ್ದವನ್ನು ಕೇಳಿ ಅದರ ಪಕ್ಕದಲ್ಲಿಯೇ ಬರೆಯಲಿ. ಎರಡನೆಯದು ಪುಸ್ತಕದ ಶಬ್ದ, ಪರೀಕ್ಷೆಯಲ್ಲಿ ಬರೆಯಬೇಕಾದುದು ಎಂದು ಹೇಳಲಿ. ಮೂರನೆಯದನ್ನು ಅಳಿಸದೆ ಅಲ್ಲಿಯೇ ಬಿಡಲಿ. ಆಗ ಹಕಾರವನ್ನು ಎಲ್ಲಿ ಹಾಕಬೇಕೆಂಬುದಕ್ಕೆ ಬಾಲಕನಿಗೆ ಒಂದು ಹಿಡಿಯೂ ದೊರೆಯುವುದು. ಎಲ್ಲಿ ನೆರೆಯವನು ಪಕಾರವನ್ನು ನುಡಿಯುವನೋ ಅಲ್ಲಿ ಹಕಾರ. ಆನೆಗೆ ತಮಿಳನೂ ‘ಪಾನೆ’ ಎನ್ನುವುದಿಲ್ಲವಾದುದರಿಂದ ‘ಹಾನೆ’ಯಿಲ್ಲ. ಎಲ್ಲ ಶಬ್ದಗಳಿಗೂ ಇದು ಸಾಲದು. ಮೊದಲ ತಿಂಗಳನ್ನು ದಾಟಲು ಸಾಕು. ನಕ್ಕ ಮಕ್ಕಳಿಗೂ ತಾವು ಸಾವಿರ ವರ್ಷಗಳಿಂದ ನಡೆದುಬಂದ ದಾರಿಯು ಕಾಣುವುದು. ಹಲಗೆಯ ಮೇಲಿನ ಆ ಮೂರು ಶಬ್ದಗಳಿಗೆ ಹಿಡಿಯುವ ಕಾಲ ಅರ್ಧ ಘಳಿಗೆಗಿಂತ ಹೆಚ್ಚಾಗಲಾರದು.